ಎಷ್ಟು ಕೋರ್ ಬೇಕು? ಅಲೀಪುರದ ಪ್ರಶ್ನೆಯೂ ಒಂದಿಷ್ಟು ಹಳೇ ಕತೆಯೂ

ಇಂಟೆಲ್ ಕಂಪನಿಯ ಮೊಟ್ಟಮೊದಲ ಆರು ಕೋರಿನ ಪ್ರಾಸೆಸರ್ ರೂಪುಗೊಂಡದ್ದು ಎಲ್ಲಿ ಗೊತ್ತಾ? ನಮ್ಮ ಬೆಂಗಳೂರಿನಲ್ಲಿ. ಝಿಯಾನ್ 7400 ಅಂತ ಅದರ ಅಂಗಡಿ ಹೆಸರು, ಮನೆಯಲ್ಲಿ ಕರೆಯುವ ಹೆಸರು ಡನಿಂಗ್ಟನ್. 2008ರ ಸೆಪ್ಟೆಂಬರಿನಲ್ಲಿ ಹೊರಬಂತು. ಒಂದೇ ಬಿಲ್ಲೆಯಲ್ಲಿ 190 ಕೋಟಿ ಟ್ರಾನ್ಸಿಸ್ಟರುಗಳು. ಆಗ ಪತ್ರಿಕೆಗಳಲ್ಲಿ ಓದಿ ಹೆಮ್ಮೆಪಟ್ಟವರು ನಿಮ್ಮಲ್ಲೂ ಇರಬಹುದು.

ಆದರೆ ಅದು ಸರ್ವರುಗಳಿಗಾಗಿ ಮಾಡಿದ ಚಿಪ್. ನಮ್ಮ ನಿಮ್ಮಂಥವರ ಮೇಜಿನ ಮೇಲಿನ ಸಾಧಾರಣ ಕಂಪ್ಯೂಟರಿಗೆ ಇಂಟೆಲ್ ಆರು ಕೋರ್ ಕೊಟ್ಟದ್ದು 2017ರ ಅಕ್ಟೋಬರಿನಲ್ಲಿ! (ನಡುವೆ 2010ರಲ್ಲಿ ಸಾವಿರ ಡಾಲರಿನದೊಂದು ಬಂದಿತ್ತು, ಅದು ಸಾಹುಕಾರರ ಮಾತು, ಬಿಡಿ.) ಈ ಒಂಬತ್ತು ವರ್ಷಗಳ ಸಂದಿಯಲ್ಲೇ ಆಟ ಆಡುತ್ತಾ ಆಡುತ್ತಾ ಅದನ್ನು ಊರಿಗೆಲ್ಲ ನೇರಪ್ರಸಾರ ಮಾಡುವ ಗೀಳು ಹುಟ್ಟಿ ಬೆಳೆದದ್ದು. "ಸ್ಟ್ರೀಮ್ ಮಾಡಬೇಕಾ? ಹಾಗಾದರೆ ಕೋರ್ ಜಾಸ್ತಿ ಇರೋದು ತಗೋ" ಎಂಬ ಉಪದೇಶ ಹುಟ್ಟಿದ್ದೂ ಆಗಲೇ. ಆ ಕಾಲಕ್ಕೆ ಅದು ಸರಿಯಾದ ಉಪದೇಶವೇ. ಕಾಲ ಹೋಯಿತು, ಉಪದೇಶ ಉಳಿಯಿತು. ಈಗ ಅದು ಬಡಪಾಯಿಗಳ ದುಡ್ಡು ತಿನ್ನುತ್ತಿದೆ ಅನ್ನುವುದು ನನ್ನ ತಕರಾರು.

ಇದನ್ನು ಬರೆಯಲು ಕಾರಣ ಅಲೀಪುರದ ಒಬ್ಬ ಹುಡುಗ. ಗೌರಿಬಿದನೂರು ತಾಲ್ಲೂಕಿನ ಅಲೀಪುರ ಗೊತ್ತಲ್ಲ, ತೊಂಡೇಬಾವಿ ಹತ್ತಿರ. ಹರಳು ಕತ್ತರಿಸಿ ಸಾಣೆ ಹಿಡಿಯುವುದಕ್ಕೆ ಹೆಸರಾದ ಊರು. ಈ ಹುಡುಗನೂ ಅದೇ ಕೆಲಸದವನು. ಹಗಲು ಸಾಣೆ, ರಾತ್ರಿ ಗೇಮು. ಎರಡು ವರ್ಷ ಕೂಡಿಟ್ಟ ದುಡ್ಡು ಕೈಯಲ್ಲಿಟ್ಟುಕೊಂಡು ಫೋನ್ ಮಾಡಿದ್ದ. "ಅಣ್ಣಾ, ಹದಿನಾರು ಕೋರ್ ಇಲ್ದಿದ್ರೆ ಸ್ಟ್ರೀಮ್ ಮಾಡಕ್ಕಾಗಲ್ವಂತೆ, ಹೌದಾ?" ಹದಿನಾರು ಕೋರಿಗೆ ಹೊಸ ಮದರ್‌ಬೋರ್ಡು, ಅದಕ್ಕೆ ಹೊಸ ಡಿಡಿಆರ್5 ರ‍್ಯಾಮು, ಅದಕ್ಕೆ ದೊಡ್ಡ ಕೂಲರು... ಅಂತ ಯಾರೋ ಪಟ್ಟಿ ಬರೆದುಕೊಟ್ಟಿದ್ದರು. ಕೂಡಿಟ್ಟದ್ದು ಸಾಲದೆ ಇನ್ನಷ್ಟು ಸಾಲ ಮಾಡುವ ಯೋಚನೆಯಲ್ಲಿದ್ದ. ಅವನಿಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗಲಿಲ್ಲ, ಈ ಕತೆಯನ್ನೇ ಹೇಳಬೇಕಾಯಿತು.

ಮೊದಲು ಸ್ಟ್ರೀಮಿಂಗ್ ಅಂದರೆ ಕಂಪ್ಯೂಟರಿಗೆ ಏನು ಕೆಲಸ ನೋಡಿ. 1080ಪಿ ಚಿತ್ರ, ಸೆಕೆಂಡಿಗೆ 60 ಫ್ರೇಮು. ಇದನ್ನು ಇದ್ದ ಹಾಗೇ ಕಳಿಸುವುದಾದರೆ ಸೆಕೆಂಡಿಗೆ ಸುಮಾರು 1500 ಮೆಗಾಬಿಟ್ ಬೇಕು. ಟ್ವಿಚ್‌ನಲ್ಲಿ ಬಹುಕಾಲ ಚಾಲ್ತಿಯಲ್ಲಿದ್ದ ಮಿತಿ 6 ಮೆಗಾಬಿಟ್. ಅಂದರೆ 250ರಲ್ಲಿ ಒಂದು ಪಾಲು ಉಳಿಸಿಕೊಂಡು ಮಿಕ್ಕದ್ದನ್ನು ಎಸೆಯಬೇಕು, ಆದರೂ ನೋಡುವವನಿಗೆ ಎಸೆದದ್ದು ಗೊತ್ತಾಗಬಾರದು. ಹುಡುಗನಿಗೆ ಇದು ತಟ್ಟನೆ ಅರ್ಥವಾಯಿತು. ಕಚ್ಚಾ ಹರಳಿನಲ್ಲೂ ದೊಡ್ಡ ಪಾಲು ಪುಡಿಯಾಗಿ ಹೋಗುತ್ತದಲ್ಲ, ಎಲ್ಲಿ ಕತ್ತರಿಸಿದರೆ ಹೊಳಪು ಉಳಿದೀತು ಅಂತ ತಿರುಗಿಸಿ ತಿರುಗಿಸಿ ನೋಡುವುದೇ ಅರ್ಧ ಕೆಲಸ. ಎನ್‌ಕೋಡಿಂಗ್ ಅಂದರೂ ಅದೇ. ನೋಡಲು ಸಮಯ ಹೆಚ್ಚು ಕೊಟ್ಟಷ್ಟೂ ಅಷ್ಟೇ ಬಿಟ್ಟಿನಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ. ಒಂದೇ ತೊಂದರೆ, ಇಲ್ಲಿ ಸಮಯವೇ ಇಲ್ಲ. ಒಂದು ಫ್ರೇಮಿಗೆ 16.7 ಮಿಲಿಸೆಕೆಂಡು. ಅಷ್ಟರೊಳಗೆ ಆಟ ತನ್ನ ಮುಂದಿನ ಚಿತ್ರವನ್ನೂ ತಯಾರಿಸಬೇಕು, ಎನ್‌ಕೋಡರು ಹಿಂದಿನದನ್ನು ಕುಗ್ಗಿಸಿಯೂ ಮುಗಿಸಬೇಕು.

(ಕಾಯದೆ ಬರುವ ಸಂಕೇತವನ್ನು ಬಂದ ಹಾಗೇ ಹಿಡಿಯುವ ಕಷ್ಟ ನಮ್ಮ ತಾಲ್ಲೂಕಿಗೆ ಹೊಸದೇನಲ್ಲ. 1976ರಿಂದ ಗೌರಿಬಿದನೂರಿನ ಬಳಿ ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ 'ಟಿ' ಅಕ್ಷರದ ಹಾಗೆ ನಿಲ್ಲಿಸಿ ಆಕಾಶದ ರೇಡಿಯೋ ಅಲೆಗಳನ್ನು ಕೇಳಿದರು. ಸೂರ್ಯ ಯಾರಿಗೂ 'ಒಂದು ನಿಮಿಷ ಇರಪ್ಪಾ' ಅನ್ನುವುದಿಲ್ಲ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.)

ಇರಲಿ, ಕತೆಗೆ ಬರೋಣ. 2007ರಲ್ಲಿ ಜಸ್ಟಿನ್.ಟಿವಿ ಶುರುವಾಯಿತು, ಅದರ ಆಟದ ವಿಭಾಗವೇ ಬೇರೆಯಾಗಿ 2011ರ ಜೂನಿನಲ್ಲಿ ಟ್ವಿಚ್ ಆಯಿತು. ಮರುವರ್ಷ, 2012ರಲ್ಲಿ, ಒಬಿಎಸ್ ಎಂಬ ಪುಕ್ಕಟೆ ತಂತ್ರಾಂಶ ಬಂತು. ಮುಕ್ತ ತಂತ್ರಾಂಶ, ಯಾರು ಬೇಕಾದರೂ ಬಳಸಬಹುದು. ಚಿತ್ರ ಕುಗ್ಗಿಸಲು ಅದು ನೆಚ್ಚಿಕೊಂಡದ್ದು ಎಕ್ಸ್264 ಎಂಬ ಇನ್ನೊಂದು ಮುಕ್ತ ತಂತ್ರಾಂಶವನ್ನು. ಎಕ್ಸ್264 ಕೆಲಸ ಮಾಡುವುದು ಪೂರ್ತಿಯಾಗಿ ಪ್ರಾಸೆಸರಿನ ಮೇಲೆ. ಇಲ್ಲಿಂದಲೇ ಜಗಳ. ಆಗ ಜನರ ಬಳಿ ಇದ್ದದ್ದು ನಾಲ್ಕು ಕೋರು. ಆಟಕ್ಕೆ ಅದರಲ್ಲಿ ಮೂರು ಬೇಕು, ಎಕ್ಸ್264ಕ್ಕೆ ನಾಲ್ಕೂ ಬೇಕು! ಒಂದೋ ಆಟ ತೊದಲುತ್ತಿತ್ತು, ಇಲ್ಲವೇ ನೋಡುವವರಿಗೆ ಚಿತ್ರ ಕಡಿದು ಕಡಿದು ಬರುತ್ತಿತ್ತು. ದುಡ್ಡಿದ್ದವರು ಎರಡು ಕಂಪ್ಯೂಟರ್ ಇಟ್ಟರು. ಒಂದರಲ್ಲಿ ಆಟ, ನಡುವೆ ಕ್ಯಾಪ್ಚರ್ ಕಾರ್ಡು, ಇನ್ನೊಂದರಲ್ಲಿ ಬರೀ ಎನ್‌ಕೋಡಿಂಗು.

ದುಡ್ಡಿಲ್ಲದವರಿಗೆ ಎಎಂಡಿಯ ಎಫ್‌ಎಕ್ಸ್ ಇತ್ತು. 2011ರ ಅಕ್ಟೋಬರಿನಲ್ಲಿ ಬಂದ ಎಫ್‌ಎಕ್ಸ್-8150ರ ಡಬ್ಬದ ಮೇಲೆ ಎಂಟು ಕೋರ್ ಅಂತ ಬರೆದಿತ್ತು. ಎಸ್.ಪಿ. ರೋಡಿನಲ್ಲಿ ಡಬ್ಬ ನೋಡಿಯೇ ಆಸೆಪಟ್ಟವರ ಪೈಕಿ ನಾನೂ ಒಬ್ಬ. ಒಳಗೆ ನೋಡಿದರೆ ಎರಡೆರಡು ಕೋರುಗಳು ಒಂದೊಂದು ಫ್ಲೋಟಿಂಗ್ ಪಾಯಿಂಟ್ ಘಟಕವನ್ನು ಹಂಚಿಕೊಂಡಿದ್ದವು. ಒಂದೇ ಒಲೆಯಲ್ಲಿ ಎರಡು ಸಂಸಾರ. ಅದಕ್ಕಿಂತ ಮುಖ್ಯವಾಗಿ ಒಂದೊಂದು ಕೋರಿನ ವೇಗ ಇಂಟೆಲ್‌ಗಿಂತ ಬಹಳ ಹಿಂದಿತ್ತು. ಕೋರಿನ ಲೆಕ್ಕದ ಮೇಲೆಯೇ ಅಮೆರಿಕದಲ್ಲಿ ಗ್ರಾಹಕರು ದಾವೆ ಹೂಡಿ, 2019ರಲ್ಲಿ ಎಎಂಡಿ 1.21 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಕೋರ್ ಎಣಿಸಿ ಪ್ರಾಸೆಸರ್ ಕೊಳ್ಳಬಾರದು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೇ?

ಅದೇ ಎಎಂಡಿ ತಪ್ಪು ತಿದ್ದಿಕೊಂಡು 2017ರ ಮಾರ್ಚಿನಲ್ಲಿ ರೈಜೆನ್ ತಂದಿತು. 499 ಡಾಲರಿಗೆ ನಿಜವಾದ ಎಂಟು ಕೋರು, ಹದಿನಾರು ಥ್ರೆಡ್ಡು. ಬಿಡುಗಡೆಗೆ ಮುಂಚೆ, 2016ರ ಡಿಸೆಂಬರಿನಲ್ಲೇ, ಡೋಟಾ 2 ಆಡುತ್ತಾ ಅದೇ ಯಂತ್ರದಿಂದ ಸ್ಟ್ರೀಮ್ ಮಾಡಿ ತೋರಿಸಿದರು. ಪಕ್ಕದಲ್ಲಿದ್ದ ಇಂಟೆಲ್‌ನ ನಾಲ್ಕು ಕೋರು ಫ್ರೇಮುಗಳನ್ನು ಬೀಳಿಸುತ್ತಿತ್ತು. ಪ್ರಾಸೆಸರ್ ಮಾರಲು ಸ್ಟ್ರೀಮಿಂಗನ್ನು ಹೀಗೆ ಮುಂದಿಟ್ಟದ್ದು ಆಗಲೇ ಇರಬೇಕು. ಆಮೇಲೆ ಓಟವೋ ಓಟ. 2018ರಲ್ಲಿ ಇಂಟೆಲ್ ಎಂಟು ಅಂದಿತು, 2019ರಲ್ಲಿ ಎಎಂಡಿ ಹದಿನಾರು ಅಂದಿತು. ನಮ್ಮ ಹುಡುಗನ ಕಿವಿಗೆ ಬಿದ್ದ ಹದಿನಾರು ಆ ಓಟದ ಧೂಳು.

ಆದರೆ ಈ ಗದ್ದಲದ ನಡುವೆ ಹಿತ್ತಲ ಬಾಗಿಲಿನಿಂದ ಇನ್ನೊಂದು ದಾರಿ ತೆರೆದುಕೊಂಡಿತ್ತು. ಚಿತ್ರ ಕುಗ್ಗಿಸುವುದಕ್ಕೇ ಅಂತ ಚಿಪ್ಪಿನ ಒಂದು ಮೂಲೆಯನ್ನು ಮೀಸಲಿಡುವ ದಾರಿ. ಇಂಟೆಲ್ 2011ರ ಜನವರಿಯಲ್ಲೇ ಕ್ವಿಕ್ ಸಿಂಕ್ ಕೊಟ್ಟಿತ್ತು, ಎನ್‌ವಿಡಿಯಾ 2012ರಲ್ಲಿ ಎನ್‌ವೆಂಕ್ ಕೊಟ್ಟಿತು. ಆರಂಭದಲ್ಲಿ ಚಿತ್ರ ಮಸುಕು, ಓಡುವ ದೃಶ್ಯ ಬಂದರೆ ಚೌಕಚೌಕ. ಜನ ಮೂಗು ಮುರಿದರು, ನ್ಯಾಯವಾಗಿಯೇ. 2018ರ ಸೆಪ್ಟೆಂಬರಿನಲ್ಲಿ ಆರ್‌ಟಿಎಕ್ಸ್ 20 ಸಾಲಿನ ಕಾರ್ಡುಗಳೊಂದಿಗೆ ಬಂದ ಹೊಸ ಎನ್‌ವೆಂಕ್ ಈ ಮಾತನ್ನು ಬದಲಿಸಿತು. ಒಬ್ಬನೇ ಮನೆಯಲ್ಲಿ ಒಂದೇ ಯಂತ್ರದಲ್ಲಿ ಎಕ್ಸ್264ನಿಂದ ತೆಗೆಯಬಹುದಾದ ಗುಣಮಟ್ಟವನ್ನು ಅದು ಪ್ರಾಸೆಸರನ್ನು ಹೆಚ್ಚುಕಡಿಮೆ ಮುಟ್ಟದೆಯೇ ಕೊಡತೊಡಗಿತು. 2019ರ ಆರಂಭದಲ್ಲಿ ಒಬಿಎಸ್ ಕೂಡ ಅದಕ್ಕೆ ಸರಿಯಾಗಿ ಹೊಂದಿಕೊಂಡಿತು. ಸ್ಟ್ರೀಮಿಂಗಿಗಾಗಿ ಕೋರ್ ಕೊಳ್ಳುವ ಕಾಲ ನನ್ನ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಿತು. ಹೆಚ್ಚೆಂದರೆ ಏಳು ವರ್ಷದ ಕಾಲ ಅದು.

ಇಲ್ಲೊಂದು ಹೊಂಡ ಇದೆ, ಬೀಳಬೇಡಿ. 2019ರಲ್ಲಿ ಬಂದ ಜಿಟಿಎಕ್ಸ್ 1650 ಹೆಸರಿಗೆ ಹೊಸ ಪೀಳಿಗೆ, ಆದರೆ ಮೊದಲು ಬಂದ ಆ ಕಾರ್ಡಿನಲ್ಲಿ ಎನ್‌ವೆಂಕ್ ಮಾತ್ರ ಹಿಂದಿನ ಪೀಳಿಗೆಯದು. ಜಿಟಿಎಕ್ಸ್ 1660ರಲ್ಲಿ ಹೊಸದಿದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಬರೆದಿಟ್ಟುಕೊಳ್ಳಿ.

ನಮ್ಮ ಹುಡುಗನ ಅದೃಷ್ಟಕ್ಕೆ ಅವನಲ್ಲಿದ್ದದ್ದು 1660. ಪ್ರಾಸೆಸರ್ 2017ರ ರೈಜೆನ್ 5 1600, ಆರು ಕೋರು, ಬಿ350 ಬೋರ್ಡು. ಯಾವುದೋ ಹಳೇ ವೀಡಿಯೋ ನೋಡಿ ಒಬಿಎಸ್‌ನಲ್ಲಿ ಎಕ್ಸ್264 ಆರಿಸಿಟ್ಟಿದ್ದ. ಎನ್‌ವೆಂಕ್‌ಗೆ ಬದಲಿಸಲು ಹೇಳಿದೆ. ಹಾಗೆಯೇ ಆಟದ ಫ್ರೇಮ್ ವೇಗಕ್ಕೆ ಒಂದು ಮಿತಿ ಹಾಕಲೂ ಹೇಳಿದೆ. ಯಾಕೆಂದರೆ ಎನ್‌ವೆಂಕ್ ಪ್ರತ್ಯೇಕ ಮೂಲೆಯಾದರೂ ದೃಶ್ಯವನ್ನು ಜೋಡಿಸಲು ಒಬಿಎಸ್‌ಗೆ ಗ್ರಾಫಿಕ್ಸ್ ಕಾರ್ಡಿನ ಒಂದಿಷ್ಟು ಬಿಡುವು ಬೇಕೇ ಬೇಕು. ಆಟ ನೂರಕ್ಕೆ ತೊಂಬತ್ತೊಂಬತ್ತು ಪಾಲು ನುಂಗಿದರೆ ಸ್ಟ್ರೀಮು ಮುಗ್ಗರಿಸುತ್ತದೆ. ಮಾರನೇ ದಿನ ಫೋನು: "ಅಣ್ಣಾ, ನೋಡೋರಿಗೆ ಈಗ ಕ್ಲೀನಾಗಿ ಬರ್ತಿದೆ. ಆದ್ರೆ ನಂಗೆ ಆಟದಲ್ಲಿ ಇನ್ನೂ ಹಿಡ್ಕೊಳ್ತಾ ಇದೆ." ಅಂದರೆ ಒಂದು ಪೈಸೆ ಖರ್ಚಿಲ್ಲದೆ ಅರ್ಧ ರೋಗ ವಾಸಿ, ಉಳಿದರ್ಧ ಮಾತ್ರ ಪ್ರಾಸೆಸರಿನದು.

ಆ ಉಳಿದರ್ಧಕ್ಕೂ ಕೋರ್ ಮದ್ದಲ್ಲ. ಆಟದ ಮುಖ್ಯ ಕೆಲಸ ಒಂದರ ಹಿಂದೊಂದು ನಡೆಯುವಂಥದ್ದು. ಗುಂಡು ತಗಲಿತೋ ಇಲ್ಲವೋ ಗೊತ್ತಾಗದೆ ಮುಂದಿನ ಲೆಕ್ಕ ಇಲ್ಲ. ಅದನ್ನು ಹದಿನಾರು ಜನರಿಗೆ ಹಂಚಲಾಗದು, ಒಬ್ಬ ಚುರುಕಾದವನು ಬೇಕು. ಅವನಿಗೆ ಸಾಮಾನು ಕೈಗೆಟಕುವ ಹಾಗಿರಬೇಕು, ಪ್ರತಿಸಲ ಉಗ್ರಾಣಕ್ಕೆ ಎದ್ದು ಹೋಗಬಾರದು. ಆ ಕೈಗೆಟಕುವ ಜಾಗವೇ ಕ್ಯಾಶ್. 2022ರ ಏಪ್ರಿಲ್‌ನಲ್ಲಿ ಎಎಂಡಿ ಚಿಪ್ಪಿನ ಮೇಲೆ ಕ್ಯಾಶನ್ನು ಮಹಡಿಯ ಹಾಗೆ ಪೇರಿಸಿ 96 ಎಂಬಿ ಮಾಡಿದ 5800ಎಕ್ಸ್3ಡಿ ಬಂತು. ಎಂಟೇ ಕೋರು, ಆದರೆ ಆಟದಲ್ಲಿ ಅದೇ ಕಂಪನಿಯ ಹದಿನಾರು ಕೋರಿನದನ್ನೂ ಹಿಂದೆ ಹಾಕಿತು.

ಇನ್ನು ಬೋರ್ಡು. ಬಿ350 ಎಎಂ4 ಸಾಕೆಟ್ಟಿನದು. 2017ರ ಬೋರ್ಡಿನಲ್ಲಿ 2022ರ ಪ್ರಾಸೆಸರ್ ಕೂರುವಂತೆ ಎಎಂಡಿ ಬಹಳ ಹಿಂದೆಮುಂದೆ ನೋಡಿ ಕೊನೆಗೆ ಒಪ್ಪಿತು. 2022ರಲ್ಲಿ ಅದಕ್ಕೆ ಬಯೋಸ್ ಬಂತು. ಹಾಗಾಗಿ ಹುಡುಗನಿಗೆ ನಾನು ಹೇಳಿದ್ದು ರೈಜೆನ್ 5 5600. ಆರು ಕೋರು ತೆಗೆದು ಆರೇ ಕೋರು ಹಾಕುವುದು! ಕೇಳಿ ನಕ್ಕುಬಿಟ್ಟ. ಆದರೆ ಒಂದೊಂದು ಕೋರೂ ಬಹಳ ಚುರುಕು, ಎಲ್3 ಕ್ಯಾಶ್ 16 ಎಂಬಿಯಿಂದ 32ಕ್ಕೆ, ವಿದ್ಯುತ್ತು ಅದೇ 65 ವ್ಯಾಟಿನ ವರ್ಗ. ಹಳೇ ಕೂಲರೂ ನಡೆಯುತ್ತದೆ. 5700ಎಕ್ಸ್3ಡಿ ಸರಿಯಾದ ಬೆಲೆಗೆ ಸಿಕ್ಕರೆ ಇನ್ನೂ ಒಳ್ಳೆಯದು, ಸಿಗದಿದ್ದರೆ ಅಳಬೇಕಾಗಿಲ್ಲ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ 1600 ಇಲ್ಲ, 5600 ಇದೆ. ಅದೂ ಒಂದು ಲಾಭ. ಡಿಡಿಆರ್5 ತಂಟೆಗೆ ಹೋಗದಿದ್ದದ್ದು ಇನ್ನೊಂದು. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮಿನ ಬೆಲೆ ಏರಿದ್ದು ನೋಡಿದ್ದೀರಲ್ಲ.

ಫೋನಿನಲ್ಲಿ ಆಡುವವರ ಲೆಕ್ಕ ಬೇರೆ. ನಮ್ಮ ಕಡೆ ಸ್ಟ್ರೀಮಿಂಗ್ ಹಬ್ಬಿದ್ದೇ 2016ರ ಜಿಯೋ, 2018ರ ಪಬ್‌ಜಿ ಮೊಬೈಲಿನಿಂದ. 2020ರ ಸೆಪ್ಟೆಂಬರಿನಲ್ಲಿ ಅದು ನಿಷೇಧವಾಗಿ, 2021ರಲ್ಲಿ ಬಿಜಿಎಂಐ ಆಗಿ ಬಂದು, 2022ರಲ್ಲಿ ಮತ್ತೆ ಮಾಯವಾಗಿ, 2023ರಲ್ಲಿ ಮರಳಿತು. ಅಲ್ಲಿ ಆಟ ನಡೆಯುವುದು ಫೋನಿನೊಳಗೆ, ಕಂಪ್ಯೂಟರಿಗೆ ಉಳಿಯುವುದು ಚಿತ್ರ ಹಿಡಿದು ಕುಗ್ಗಿಸುವ ಕೆಲಸ ಮಾತ್ರ. ಕ್ವಿಕ್ ಸಿಂಕ್ ಇರುವ ಹತ್ತು ವರ್ಷದ ಹಳೇ ಐ3 ಇದ್ದರೂ ನಡೆದೀತು. ಅಂಥವರು ಪ್ರಾಸೆಸರ್ ಬದಲಿಸುವ ಮೊದಲು ಅಪ್‌ಲೋಡ್ ವೇಗ ನೋಡಿಕೊಳ್ಳಲಿ, ಕರೆಂಟ್ ಹೋದರೆ ಇರಲಿ ಅಂತ ಒಂದು ಯುಪಿಎಸ್ ತಗೊಳ್ಳಲಿ.

ಹುಡುಗ ತೊಂಡೇಬಾವಿಯಲ್ಲಿ ರೈಲು ಹತ್ತಿ ಬಂದು, ಎಸ್.ಪಿ. ರೋಡಿನಲ್ಲಿ ಸೀಲಾದ ಡಬ್ಬವನ್ನೇ ಕೇಳಿ ತಗೊಂಡು ಹೋದ. ಹಳೇ ಪ್ರಾಸೆಸರ್ ಕೂತಿರುವಾಗಲೇ ಬಯೋಸ್ ಹಾಕು, ಆಮೇಲೆ ಬಿಚ್ಚು ಅಂತ ಎರಡೆರಡು ಸಲ ಹೇಳಿದ್ದೆ. ಕೆಲವು ಬೋರ್ಡುಗಳಲ್ಲಿ ಹೊಸ ಬಯೋಸಿಗೆ ಜಾಗ ಸಾಲದೆ ಕೆಲವು ಹಳೇ ಚಿಪ್ಪುಗಳ ಬೆಂಬಲ ಕಿತ್ತುಹಾಕಿರುತ್ತಾರೆ, ಅದನ್ನೂ ಓದಿಕೊಳ್ಳಲು ಹೇಳಿದ್ದೆ. ಎಎಂ4ನಲ್ಲಿ 1331 ಪಿನ್ನುಗಳಿರುವುದು ಪ್ರಾಸೆಸರಿನ ಹೊಟ್ಟೆಯಲ್ಲಿ. ಒಣಗಿದ ಪೇಸ್ಟು ಅಂಟಿಕೊಂಡಿದ್ದರೆ ಕೂಲರ್ ಎಳೆದಾಗ ಪ್ರಾಸೆಸರೂ ಕಿತ್ತುಕೊಂಡು ಬರುತ್ತದೆ. ಅದಕ್ಕೇ ಮೊದಲು ಹತ್ತು ನಿಮಿಷ ಯಂತ್ರ ಓಡಿಸಿ, ಆಫ್ ಮಾಡಿ ವೈರ್ ಕಿತ್ತು, ಬಿಸಿ ಆರುವ ಮುಂಚೆ ಕೂಲರನ್ನು ಮೇಲಕ್ಕೆ ಎಳೆಯದೆ ಮೆಲ್ಲಗೆ ಆಕಡೆ ಈಕಡೆ ತಿರುಗಿಸಬೇಕು. ಇದನ್ನು ಮಾತ್ರ ಒಂದೇ ಸಲ ಹೇಳಿದೆ. ಕೈ ನಡುಗದ ಕೆಲಸವನ್ನು ಅಲೀಪುರದವರಿಗೆ ನಾನೇನು ಹೇಳಿಕೊಡುವುದು :)