ಇಂಟರ್ನ್‌ಶಿಪ್: ಮೊದಲು ಕಾಲೇಜಿನ ಪತ್ರ, ಆಮೇಲೆ ಕೆಲಸ

ಕೊಳ್ಳೇಗಾಲ, ಹನೂರು, ಯಳಂದೂರು ಭಾಗದ ಪದವಿ ವಿದ್ಯಾರ್ಥಿಗಳು ಇಂಟರ್ನ್‌ಶಿಪ್‌ಗೆ ಮೈಸೂರು, ಬೆಂಗಳೂರಿಗೇ ಹೋಗಬೇಕೆಂದೇನಿಲ್ಲ. ಕಾಲೇಜು ಒಪ್ಪಿದರೆ ಊರಿನ ರೇಷ್ಮೆ ಘಟಕ, ಸಹಕಾರ ಸಂಘ, ಅಂಗಡಿಯಲ್ಲೂ ಕಲಿಯಬಹುದು.

ಯುಜಿಸಿ ಲೆಕ್ಕದಲ್ಲಿ 1 ಕ್ರೆಡಿಟ್‌ಗೆ 30 ಗಂಟೆ ಇಂಟರ್ನ್‌ಶಿಪ್. 2 ಕ್ರೆಡಿಟ್ ಅಂದ್ರೆ 60 ಗಂಟೆ. ದಿನಕ್ಕೆ 4 ಗಂಟೆಯಂತೆ 15 ದಿನ. ಸೇರುವ ಮೊದಲೇ ಕಾಲೇಜಿನಿಂದ ಪತ್ರ ತರಬೇಕು. ಇಲ್ಲದಿದ್ದರೆ ದುಡಿದ ಗಂಟೆಗಳು ಅಂಕಪಟ್ಟಿಗೆ ಸೇರದೆ ಹೋಗಬಹುದು.

ಅಂಗಡಿ ಮಾಲೀಕರು ಹಾಜರಿಗೆ ದಿನವೂ ಸಹಿ ಹಾಕಿ, ಕೊನೆಗೆ ಕೆಲಸ, ಗಂಟೆ ನಮೂದಿಸಿದ ಪ್ರಮಾಣಪತ್ರ ಕೊಟ್ಟರೆ ಅನುಕೂಲ. ಟೀ ತರಿಸೋದು, ಗೋಡೌನ್ ಗುಡಿಸೋದು ಕಲಿಕೆಯಲ್ಲ. ಬಿಲ್ಲಿಂಗ್, ಸ್ಟಾಕ್, ಜಿಎಸ್‌ಟಿ ಲೆಕ್ಕ ಕಲಿಸಬೇಕು.

ಸ್ವಂತವಾಗಿ ಓದುವವರಿಗೆ ಕೇಂದ್ರ ಸರ್ಕಾರದ ‘ಸ್ವಯಂ’ ಪೋರ್ಟಲ್‌ನ ಕೋರ್ಸ್‌ಗಳು ಉಚಿತ. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಕ್ರೆಡಿಟ್ ಬೇಕಿದ್ದರೆ ಇಲ್ಲೂ ಕಾಲೇಜಿನ ಒಪ್ಪಿಗೆ ಮೊದಲು.