ನಮ್ಮ ಬೆಕ್ಕು ಯಾಕೆ ಇಷ್ಟು ತಡ?

ಮೊನ್ನೆ ಊರಿಗೆ, ಅಂದರೆ ಕಮಲಾಪುರಕ್ಕೆ ಹೋಗುವಾಗ ಅಣ್ಣನ ಮಗಳಿಗೆ ಅಂತ ಕಲಬುರಗಿಯಲ್ಲಿ ಒಂದು ಚಿತ್ರಪುಸ್ತಕ ಕೊಂಡೆ. ಸಾಕಿದ ಬೆಕ್ಕೊಂದು ಮನೆಯಲ್ಲೆಲ್ಲ ಅಡಗಿಕೊಳ್ಳುವ ಕಥೆ. ಅವಳಿಗೆ ಐದು ವರ್ಷ, ಅ ಆ ಇ ಈ ಕಲಿತಿದ್ದಾಳೆ. ಓದು ನೋಡೋಣ ಅಂದೆ. ಚಿತ್ರದ ಮೇಲೆ ಬೆರಳಿಟ್ಟು "ಬೆಕ್ಕ" ಅಂದಳು. ಅಕ್ಷರದ ಮೇಲೆ ಬೆರಳಿಟ್ಟು ಸುಮ್ಮನಾದಳು.

ಆಗ ಹೊಳೆಯಿತು. ಇಂಗ್ಲಿಷ್ ಕಲಿಯುವ ಮಗುವಿಗೆ ಮೂರನೇ ಅಕ್ಷರಕ್ಕೇ ಬೆಕ್ಕು ಸಿಗುತ್ತೆ, ಸಿ ಫಾರ್ ಕ್ಯಾಟ್. ನಮ್ಮಲ್ಲಿ ಮೂರನೇ ಅಕ್ಷರಕ್ಕೆ ಸಿಗೋದು ಇಲಿ :-) 'ಬೆಕ್ಕು' ಅಂತ ಓದೋಕೆ ವರ್ಣಮಾಲೆ ಮುಗಿಯಬೇಕು, 'ಬೆ'ಗಾಗಿ ಕಾಗುಣಿತ ಬರಬೇಕು, 'ಕ್ಕು'ಗಾಗಿ ಒತ್ತಕ್ಷರ ಬರಬೇಕು. ಮನೆಯಲ್ಲಿ ಕಾಲಿಗೆ ತೊಡರುವ ಪ್ರಾಣಿ ಪುಸ್ತಕದಲ್ಲಿ ಎಷ್ಟು ದೂರ ನೋಡಿ!

ಅಕ್ಷರಕ್ಕಿಂತ ಮೊದಲು ಚಿತ್ರ ಅನ್ನೋ ಉಪಾಯ ಹಳೆಯದು. 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾದ ಕೊಮೇನಿಯಸ್‌ನ 'ಆರ್ಬಿಸ್ ಪಿಕ್ಟಸ್' ಯುರೋಪಿನ ಮಕ್ಕಳ ಸಚಿತ್ರ ಪುಸ್ತಕಗಳಿಗೆ ಮೂಲ ಅಂತಾರೆ. ಅದರಲ್ಲಿ 'ಎನ್' ಅಕ್ಷರ ಕಲಿಸೋದು ಬೆಕ್ಕು, ಯಾಕೆಂದರೆ ಅದು 'ನೌ ನೌ' ಅಂತ ಕೂಗುತ್ತೆ. ಪ್ರಾಣಿಯ ಹೆಸರಲ್ಲ, ಅದರ ದನಿಯೇ ಪಾಠ. 1928ರಲ್ಲಿ ಅಮೆರಿಕದ ವಾಂಡಾ ಗಾಗ್ 'ಮಿಲಿಯನ್ಸ್ ಆಫ್ ಕ್ಯಾಟ್ಸ್' ಮಾಡಿದಾಗ ಚಿತ್ರ ಮತ್ತು ಮಾತು ಎದುರುಬದುರಿನ ಎರಡು ಪುಟಗಳ ಮೇಲೂ ಒಟ್ಟಿಗೆ ಹರಿದವು. ಒಬ್ಬ ಮುದುಕ, ಒಬ್ಬ ಮುದುಕಿ, ಅವರಿಗೊಂದು ಬೆಕ್ಕು ಬೇಕು, ಅಷ್ಟೇ ಕಥೆ. 1957ರಲ್ಲಿ ಡಾ. ಸ್ಯೂಸ್ ಬರೀ 236 ಪದಗಳಲ್ಲಿ 'ದ ಕ್ಯಾಟ್ ಇನ್ ದ ಹ್ಯಾಟ್' ಮುಗಿಸಿದರು. ಕನ್ನಡದಲ್ಲಿ ಈ ಲೆಕ್ಕ ಹಾಕೋ ಪ್ರೋಗ್ರಾಂ ಬರೆಯಲು ಕೂತೆ. ಬೆಕ್ಕು, ಬೆಕ್ಕಿಗೆ, ಬೆಕ್ಕಿನ, ಬೆಕ್ಕೂ... ಇದು ಒಂದು ಪದವೋ ನಾಲ್ಕೋ? ಕೈಬಿಟ್ಟೆ.

ಕನ್ನಡದಲ್ಲೂ ಮಕ್ಕಳಿಗಾಗಿ ದುಡಿದವರಿದ್ದರು. ಪಂಜೆ ಮಂಗೇಶರಾಯರು 1921ರಲ್ಲಿ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲ ಕಟ್ಟಿದರು. ರಾಜರತ್ನಂ ನಾಯಿಮರಿಗೆ ಹಾಡು ಕೊಟ್ಟರು, ಕುವೆಂಪು ಕಿಂದರಿಜೋಗಿಯ ಹಿಂದೆ ಇಲಿಗಳನ್ನು ಹೊರಡಿಸಿದರು. ಆದರೆ ಮಂಗಳೂರು ಮದ್ರಾಸ್ ಪ್ರಾಂತ್ಯದಲ್ಲಿತ್ತು, ಉಳಿದಿಬ್ಬರು ಮೈಸೂರು ಸಂಸ್ಥಾನದವರು. ನಮ್ಮ ಭಾಗ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮನ ಆಳ್ವಿಕೆಯಲ್ಲಿ, ಕಚೇರಿಯ ಭಾಷೆ ಉರ್ದು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ನಮ್ಮಜ್ಜ ಉರ್ದು ಸಲೀಸಾಗಿ ಓದುತ್ತಿದ್ದ, ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದ. ಅವನ ಮಡಿಲಲ್ಲಿ ಕೂತ ಮಗುವಿಗೆ ಕನ್ನಡ ಪುಸ್ತಕ ಓದಿ ಹೇಳುವವರು ಯಾರು?

ಅಪ್ಪನ ಕಾಲಕ್ಕೆ ನವಕರ್ನಾಟಕದವರು ಮಾರುತ್ತಿದ್ದ ಸೋವಿಯತ್ ಪುಸ್ತಕಗಳು ಬಂದವು. ಮಾಸ್ಕೋದಲ್ಲಿ ಕನ್ನಡದಲ್ಲೇ ಅಚ್ಚಾದ ಬಣ್ಣದ ಪುಸ್ತಕಗಳು! 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಅವೂ ನಿಂತವು. ಈಗ ಪರಿಸ್ಥಿತಿ ಬೇರೆ. 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ 2015ರಲ್ಲಿ 'ಸ್ಟೋರಿವೀವರ್' ತೆರೆಯಿತು. ಅಲ್ಲಿನ ಚಿತ್ರಗಳನ್ನು, ಕಥೆಗಳನ್ನು ಮುಕ್ತ ಪರವಾನಗಿಯಲ್ಲಿ ಬಳಸಬಹುದು. ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಕಬೇಕು, ಅಷ್ಟೇ. ನಮ್ಮಂಥ ಸಾಫ್ಟ್‌ವೇರಿನವರಿಗೆ ಇದು ಓಪನ್ ಸೋರ್ಸ್ ಇದ್ದಂಗೆ.

ಮತ್ತೆ ಅಣ್ಣನ ಮಗಳ ಕಡೆ ಬರೋಣ. ಅವಳಿಗೆ ಓದೋಕೆ ಬರಲ್ಲ ಅಂತ ನಾನೇ ಓದಿದೆ, "ಬೆಕ್ಕು ಎಲ್ಲಿದೆ?"

"ಕಾಕಾ, ಹಂಗ್ಯಾಕ ಮಾತಾಡ್ತಿ? ಬೆಕ್ಕ ಎಲ್ಲಿ ಅದ ಅನ್ನು" ಅಂದಳು.

ಅಂದೆ. ಮುಂದಿನ ಪುಟದಿಂದ ನಾನು ಅಕ್ಷರ ನೋಡಲೇ ಇಲ್ಲ, ಚಿತ್ರ ನೋಡಿ ನಮ್ಮ ಮಾತಲ್ಲೇ ಹೇಳಿದೆ. ನಾಲ್ಕು ಸಲ ಹೇಳಿಸಿದಳು. ಒತ್ತಕ್ಷರ ಬರುವ ತನಕ ನಮ್ಮ ಮಕ್ಕಳಿಗೆ ಬೆಕ್ಕನ್ನು ತಲುಪಿಸುವುದು ಚಿತ್ರ ಮತ್ತು ಓದಿ ಹೇಳುವವರ ದನಿ. ಆ ದನಿ ಮನೆಯದ್ದೇ ಆಗಿರಲಿ. ಮುಂದೆ ಅಚ್ಚಿನ ಕನ್ನಡ ಅವಳು ಕಲಿತೇ ಕಲೀತಾಳೆ.

ಈಗ ಒಂದು ಬೆಕ್ಕಿನ ಕಥೆಯನ್ನು ಕಲಬುರಗಿ ಮಾತಿನಲ್ಲಿ ಬರೀತಾ ಇದ್ದೀನಿ. ತಪ್ಪು ತಿದ್ದೋಕೆ ಐದು ವರ್ಷದ ಸಂಪಾದಕಿ ಇದ್ದಾಳೆ :-) ನಿಮ್ಮೂರ ಕಡೆ ಬೆಕ್ಕು ಹ್ಯಾಗೆ ಮಾತಾಡುತ್ತೆ? ನೀವೂ ಒಂದು ಬರೀರಿ.