ಗೇಣಿ ಅಳೆದ ಅಂಗಳದಲ್ಲಿ ಮೂರು ದಿನ

ಕಳೆದ ಕ್ರಿಸ್ಮಸ್ ರಜೆಯಲ್ಲಿ ನಾವು ಮನೆಮಂದಿಯೆಲ್ಲ ಮೂರು ದಿನ ಒಂದು ಹಳೇ ತೋಟದ ಮನೆಯಲ್ಲಿ ಉಳಿದೆವು. ದೂರದ ಊರೇನಲ್ಲ, ನಮ್ಮದೇ ಕಾಸರಗೋಡು ಜಿಲ್ಲೆಯ ಪೆರ್ಲ-ಬಾಯಾರು ಕಡೆ, ಕರ್ನಾಟಕದ ಗಡಿಗೆ ಹತ್ತಿರ. ಮನೆಗೆ ನೂರು ವರ್ಷ ದಾಟಿದೆಯಂತೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಉಪ್ಪರಿಗೆ. ಉಪ್ಪರಿಗೆಯ ಎರಡು ಕೋಣೆಗಳನ್ನು ಮನೆಯವರು ಈಗ ಅತಿಥಿಗಳಿಗೆ ಬಾಡಿಗೆಗೆ ಕೊಡುತ್ತಾರೆ. ಮಕ್ಕಳಿಗೆ ಹಟ್ಟಿಯ ಕರು, ತೋಟದ ತೋಡು ಇಷ್ಟೇ ಸಾಕಾಗಿತ್ತು. ನಮಗೆ ಮಾತ್ರ ಮೊದಲ ಸಂಜೆಯೇ ಬೇರೊಂದು ಯೋಚನೆ ಹಿಡಿಯಿತು. ಕಾರಣ ಅಮ್ಮ.

ಚಾವಡಿಯಲ್ಲಿ ಕುರ್ಚಿ ಹಾಕಿಸಿ ಮನೆಯ ಹಿರಿಯರು "ಬನ್ನಿ, ಮೇಲೆ ಬನ್ನಿ" ಎಂದು ಕರೆದರು. ಅಮ್ಮ ಅಂಗಳ ದಾಟಿ ಬಂದವರು ಕೆಳಗಿನ ಜಗಲಿಯ ಅಂಚಿನಲ್ಲೇ ಕೂತುಬಿಟ್ಟರು. "ಇಲ್ಲೇ ಸಾಕು, ಗಾಳಿ ಬರ್ತದೆ" ಎಂದರು. ಗಾಳಿ ಎಲ್ಲ ಕಡೆಯೂ ಇತ್ತು.

ಅಮ್ಮನ ತಂದೆ, ನಮ್ಮ ಅಜ್ಜ, ಚಾಲಗೇಣಿಯ ಒಕ್ಕಲು. ಈ ಮನೆಗಲ್ಲ, ಇಂಥದೇ ಇನ್ನೊಂದು ಮನೆಗೆ. ಕೊಯ್ಲು ಮುಗಿದ ಮೇಲೆ ಅಜ್ಜ ಅಕ್ಕಿಮುಡಿ ಹೊತ್ತು ಧನಿಗಳಲ್ಲಿಗೆ ಹೋಗುವಾಗ ಅಮ್ಮನೂ ಹಿಂದೆ ನಡೆದುಹೋಗುತ್ತಿದ್ದರಂತೆ. ಅವರು ಕಂಡದ್ದು ಅಂಗಳದ ತನಕ.

ಈಗಿನ ಮಕ್ಕಳಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಈ ಸೀಮೆ ಇಂಗ್ಲಿಷರ ಕೈಗೆ ಬಂತು. 1956ರ ತನಕ ಕಾಸರಗೋಡು ಮದರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಇಲ್ಲಿದ್ದದ್ದು ರೈತವಾರಿ ಪದ್ಧತಿ ಎಂದು ಪಾಠಪುಸ್ತಕ ಹೇಳುತ್ತದೆ. ಆದರೆ ಸರಕಾರಕ್ಕೆ ತೀರ್ವೆ ಕಟ್ಟುವ ವರ್ಗದಾರನೇ ಎಲ್ಲ ಕಡೆ ನೇಗಿಲು ಹಿಡಿದವನಲ್ಲ. ಅವನ ಕೆಳಗೆ ಗೇಣಿದಾರರು. ಮೂಲಗೇಣಿಯವನಿಗೆ ಭೂಮಿ ತಲೆಮಾರಿನಿಂದ ತಲೆಮಾರಿಗೆ ಉಳಿಯುತ್ತಿತ್ತು, ಗೇಣಿಯೂ ಏರುತ್ತಿರಲಿಲ್ಲ. ಚಾಲಗೇಣಿಯವನ ಬದುಕು ಧನಿಗಳ ಮನಸ್ಸಿನ ಮೇಲೆ. ಬಿಡು ಎಂದರೆ ಬಿಡಬೇಕು.

ಅದನ್ನು ತಿಳಿದು ನೋಡಿದರೆ ಮನೆಯೇ ಪಾಠ ಹೇಳುತ್ತದೆ. ಅಷ್ಟು ದೊಡ್ಡ ಅಂಗಳ ಯಾಕೆ? ಒಂದು ಸಂಸಾರಕ್ಕೆ ಅಷ್ಟು ಬೇಡ. ಅದು ಒಕ್ಕಲುಗಳೆಲ್ಲ ತಂದ ಗೇಣಿಯನ್ನು ಇಳಿಸಿ, ಅಳೆದು, ಲೆಕ್ಕ ಹಾಕುತ್ತಿದ್ದ ಜಾಗ. 42 ಸೇರು ಅಕ್ಕಿಯನ್ನು ಬೈಹುಲ್ಲಿನಲ್ಲಿ ಕಟ್ಟಿದರೆ ಒಂದು ಮುಡಿ. ಒಳಗೆ ಮರದ ಪತ್ತಾಯ, ನಮ್ಮ ಮಗ ನಿಂತರೂ ಮುಳುಗುವಷ್ಟು ಆಳ. ಈಗ ಅದರಲ್ಲಿ ಹಳೇ ಪಾತ್ರೆ, ಪತ್ರಿಕೆಯ ಕಟ್ಟು. ಅಂಗಳದ ತುಂಬ ಅಡಿಕೆ ಒಣಗುತ್ತಿತ್ತು.

ಗದ್ದೆ ಎಲ್ಲಿ ಹೋಯಿತು ಎಂದು ಕೇಳಿದೆವು. "ಎಪ್ಪತ್ತರಲ್ಲಿ ಹೋಯಿತು" ಎಂದರು ಹಿರಿಯರು, ಮಳೆ ಹೋಯಿತು ಎಂಬಷ್ಟು ಸಹಜವಾಗಿ.

ಕೇರಳದ ಭೂಸುಧಾರಣಾ ಕಾನೂನು ಬಂದದ್ದು 1963ರಲ್ಲಿ. ಅದಕ್ಕೆ ಹಲ್ಲು ಬಂದದ್ದು 1969ರ ತಿದ್ದುಪಡಿಯಿಂದ. 1970ರ ಜನವರಿ 1ರಿಂದ ಗೇಣಿ ಪದ್ಧತಿಯೇ ರದ್ದಾಯಿತು. ಒಕ್ಕಲು ನ್ಯಾಯಗೇಣಿಯ 16 ಪಟ್ಟು ಹಣವನ್ನು ಕಂತಿನಲ್ಲಿ ಕಟ್ಟಿ ಭೂಮಿಯನ್ನು ತನ್ನದಾಗಿಸಿಕೊಳ್ಳಬಹುದಿತ್ತು. ಧನಿಗಳ ಜಾಗದಲ್ಲಿ ಬಿಡಾರ ಕಟ್ಟಿಕೊಂಡಿದ್ದ ಕೂಲಿಯವರಿಗೆ ಪಂಚಾಯತು ಪ್ರದೇಶದಲ್ಲಿ 10 ಸೆಂಟ್ಸ್ ಜಾಗದ ಹಕ್ಕು ಸಿಕ್ಕಿತು. ಈ ಮನೆಯ ಹಿಂದಿನ ಗುಡ್ಡದಲ್ಲಿ ಒಂದು ಸುರಂಗ ಇದೆ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ಹರಿಸುವ ನಮ್ಮ ಸೀಮೆಯ ಬಾವಿ ಅದು. ಪಂಪಿಲ್ಲದೆ ನೀರು ತಾನಾಗಿ ಬರುತ್ತದೆ. ದೀಪ ಹಿಡಿದು ಒಳಗೆ ಬಗ್ಗಿ ಕೂತು ಅದನ್ನು ಅಗೆದವರಿಗೆ ಬಹಳ ಕಾಲ ಸ್ವಂತಕ್ಕೆ ಒಂದು ಸೆಂಟ್ಸ್ ನೆಲವೂ ಇರಲಿಲ್ಲ.

ಇಲ್ಲಿ ನಮ್ಮ ಮಟ್ಟಿಗೆ ಒಂದು ಇಕ್ಕಟ್ಟಿದೆ. ನಾವು ಕನ್ನಡ ಮಾಧ್ಯಮದ ಮೇಷ್ಟ್ರುಗಳು ಪ್ರತಿ ನವೆಂಬರ್ 1ರಂದು 1956ನ್ನು ನೆನೆದು ನೊಂದುಕೊಳ್ಳುವವರು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಕನ್ನಡನಾಡಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದನ್ನು ತರಗತಿಯಲ್ಲಿ ಹೇಳದೆ ಬಿಡುವವರಲ್ಲ. ಅದು ನ್ಯಾಯವೇ; ಈಗಲೂ ನಮಗೆ ಹಾಗೇ ಅನಿಸುತ್ತದೆ. ಆದರೆ ಅಜ್ಜ ನೆನೆಯುತ್ತಿದ್ದದ್ದು ಜನವರಿ 1ನ್ನು. ಗಡಿಯಾಚೆ ಪುತ್ತೂರು, ಬಂಟ್ವಾಳ ತಾಲೂಕಿನ ನಮ್ಮ ನೆಂಟರು ದೇವರಾಜ ಅರಸರ ಕಾಲದ ಕಾನೂನು ಜಾರಿಯಾಗುವ ತನಕ, ಅಂದರೆ 1974ರ ಮಾರ್ಚ್ 1ರ ತನಕ ಕಾದರು. ಅಜ್ಜನಿಗೆ ಬಂದ ಪಟ್ಟಯ ಮಲಯಾಳದಲ್ಲಿತ್ತು. ಓದಲು ಬಾರದ ಆ ಕಾಗದವನ್ನು ಅವರು ಹಳೆಯ ಕನ್ನಡ ಗೇಣಿಚೀಟುಗಳ ಜತೆ ಒಂದೇ ತಗಡಿನ ಡಬ್ಬಿಯಲ್ಲಿ ಇಟ್ಟಿದ್ದರು. ಎರಡೂ ಈಗ ನಮ್ಮಲ್ಲಿವೆ.

ಹಿರಿಯರ ಮಾತನ್ನೂ ಹೇಳಬೇಕು. ಅವರಿಗೆ ಸ್ವಂತ ಸಾಗುವಳಿಯ ತೋಟ ಉಳಿದದ್ದರಿಂದ ಬದುಕು ನಡೆಯಿತು. ಗೇಣಿಯೊಂದನ್ನೇ ನಂಬಿದ್ದ ವಿಧವೆಯರ, ಮುದುಕರ ಮನೆಗಳು ಸೋತವು ಎಂದರು. ಸುಳ್ಳಲ್ಲ, ಅಂಥ ಮನೆಗಳನ್ನು ನಾವೂ ಬಲ್ಲೆವು. ಅಮ್ಮ ಮಾತ್ರ "ಹೌದಪ್ಪ" ಎಂದು ಸುಮ್ಮನಾದರು.

ಎರಡನೇ ದಿನ ಅಮ್ಮ ಅಡುಗೆಮನೆಯ ಕಡೆಯಿಂದ ಒಳಗೆ ಹೋದರು. ಮೂರನೇ ದಿನ ಬೆಳಿಗ್ಗೆ ನೋಡುವಾಗ ಚಾವಡಿಯಲ್ಲಿ ಕಾಲು ಚಾಚಿ ಕೂತು, ಮನೆಯ ಅಜ್ಜಿಯ ಜತೆ ಅಡಿಕೆ ಸುಲಿಯುತ್ತ ತುಳುವಿನಲ್ಲಿ ಮಾತಾಡುತ್ತಿದ್ದರು. ಹೊರಡುವಾಗ ಅಜ್ಜಿ ಒಂದು ಕದಳಿಗೊನೆ, ಎರಡು ಕುಂಬಳಕಾಯಿ ತಂದು ಕಾರಿನೊಳಗೆ ಇಡಿಸಿದರು. ಹಿಂದೆ ಹಬ್ಬಕ್ಕೆ ಒಕ್ಕಲುಗಳು ಧನಿಗಳ ಮನೆಗೆ ಒಯ್ಯುತ್ತಿದ್ದದ್ದು ಇವನ್ನೇ. ಅಮ್ಮ ದಾರಿಯುದ್ದಕ್ಕೂ ಒಂದು ಕುಂಬಳಕಾಯಿಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು. ಇನ್ನೊಂದನ್ನು ಹಗ್ಗ ಕಟ್ಟಿ ಅಡುಗೆಮನೆಯ ಪಕ್ಕಾಸಿಗೆ ತೂಗಿದ್ದೇವೆ. ಕೊಯ್ಯಲು ಅವರು ಇನ್ನೂ ಬಿಟ್ಟಿಲ್ಲ.